ಕೊಡಲಿ ಯಾರ ಕೈಗೆ?

ಅಡುಗೆಮನೆಗೆ ಗ್ಯಾಸ್ ಬಂದ ಮೇಲೂ ಮಲೆನಾಡಿನ, ಕರಾವಳಿಯ ಮನೆಗಳಿಂದ ಕಟ್ಟಿಗೆ ಹೊರಟುಹೋಗಲಿಲ್ಲ. ಒಳಗಿನ ಒಲೆಯಿಂದ ಬಚ್ಚಲೊಲೆಗೆ ಸರಿಯಿತು. ಹಂಡೆಯ ಕೆಳಗೆ, ಅಡಿಕೆ ಬೇಯಿಸುವ ಕಡೆ, ದನಗಳಿಗೆ ಹುರುಳಿ ಬೇಯಿಸುವ ಕಡೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಬೆಂಕಿಯಲ್ಲಿ ಅದು ಇಂದಿಗೂ ಉರಿಯುತ್ತಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ 58.6ರಷ್ಟು ಮನೆಗಳು ಅಡುಗೆಗೆ ಶುದ್ಧ ಇಂಧನ ಬಳಸುತ್ತಿದ್ದವು. ಉಳಿದ ಮನೆಗಳಲ್ಲಿ ಅಡುಗೆಯೂ ಹೆಚ್ಚಾಗಿ ಸೌದೆ, ಬೆರಣಿಯ ಮೇಲೆಯೇ. ಆದರೆ ಆ ಲೆಕ್ಕ ಅಡುಗೆಯದು ಮಾತ್ರ. ಸ್ನಾನದ ನೀರು ಯಾವುದರಲ್ಲಿ ಕಾಯುತ್ತದೆ ಎಂಬುದು ಅದರಲ್ಲಿ ಸೇರಿಲ್ಲ. ಸಿಲಿಂಡರ್ ಇರುವ ಮನೆಯ ಹಿತ್ತಿಲಲ್ಲೂ ಸೌದೆ ಕೊಟ್ಟಿಗೆ ಇರುತ್ತದೆ, ಅದರ ಗೋಡೆಗೆ ಒಂದು ಕೊಡಲಿ ಒರಗಿರುತ್ತದೆ.

ಆ ಕೊಡಲಿಯ ಬಗ್ಗೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ಕುಕ್ಕರ್ ಕೊಳ್ಳುವಾಗ ನಾಲ್ಕು ಅಂಗಡಿ ತಿರುಗುವವರು ಕೊಡಲಿಯನ್ನು ಸಂತೆಯಲ್ಲಿ ಕೈಗೆ ಸಿಕ್ಕಿದ್ದು ತಂದುಬಿಡುತ್ತಾರೆ. ತರುವವರು ಮನೆಯ ಗಂಡಸರು. ಬಳಸುವವರು ಯಾರು ಎಂದು ನೋಡಿದರೆ ವಿಷಯ ಬೇರೆಯೇ ಇದೆ.

ಮನೆಯಲ್ಲಿ ಕಟ್ಟಿಗೆ ಸೀಳುವುದು ಎರಡು ಬೇರೆ ಬೇರೆ ಕೆಲಸ. ಒಂದು, ವರ್ಷದ ದಾಸ್ತಾನು. ತೋಟದ ಮರಗಸಿ ಮುಗಿದ ಮೇಲೋ, ಗಾಳಿಗೆ ಬಿದ್ದ ಮರವನ್ನು ತುಂಡು ಹಾಕಿಸಿದ ಮೇಲೋ, ಕಸುಬು ಬಲ್ಲವರು ಬಂದು ಕುಂಟೆಗಳನ್ನು ಸೀಳಿ ರಾಶಿ ಹಾಕಿ ಹೋಗುತ್ತಾರೆ. ಅವರಲ್ಲಿ ಹಲವರು ತಮ್ಮದೇ ಕೊಡಲಿ ತರುತ್ತಾರೆ, ಅದರ ತೂಕ ಅವರ ತೋಳಿಗೆ ಗೊತ್ತು. ಇನ್ನೊಂದು, ದಿನನಿತ್ಯದ್ದು. ಆ ದಪ್ಪ ಸೀಳುಗಳಿಂದ ಒಲೆ ಹೊತ್ತಿಕೊಳ್ಳುವಷ್ಟು ಸಪೂರದ ಚಕ್ಕೆ ಮಾಡುವುದು. ಇದನ್ನು ಮಾಡುವವರು ಒಲೆ ಹೊತ್ತಿಸುವವರು. ಬಹುಪಾಲು ಹೆಂಗಸರು. ಮಕ್ಕಳು ಬೆಂಗಳೂರು, ಮಂಗಳೂರು ಸೇರಿದ ಮನೆಗಳಲ್ಲಂತೂ ಅರವತ್ತು ದಾಟಿದವರು. ಕತ್ತಲಾಗುವ ಹೊತ್ತಿಗೆ, ಮಂದ ಬೆಳಕಿನಲ್ಲಿ, ಕೂತು ಅಥವಾ ಬಗ್ಗಿ, ಒಂದು ಕೈಯಲ್ಲಿ ಸೀಳು ಹಿಡಿದು ಇನ್ನೊಂದು ಕೈಯಲ್ಲಿ ಕತ್ತಿ ಬೀಸುವ ಕೆಲಸ. ಹೆಬ್ಬೆರಳಿಗೆ, ತೋರುಬೆರಳಿಗೆ ಪೆಟ್ಟಾಗುವುದು ಇಲ್ಲಿ. ಹತ್ಯಾರಿನ ಆಯ್ಕೆಯ ಮಾತು ಬಂದಾಗ ಮೊದಲು ನೆನಪಾಗಬೇಕಾದ ಕೈ ಇದು. ನಮ್ಮಲ್ಲಿ ಕೊನೆಗೂ ನೆನಪಾಗುವುದಿಲ್ಲ.

ಯಾವ ಹತ್ಯಾರು ಎನ್ನುವ ಮೊದಲು ಮರ ಸೀಳುವುದು ಹೇಗೆ ಎಂದು ನೋಡಬೇಕು. ಮರ ಕಡಿಯುವುದಕ್ಕೂ ಸೀಳುವುದಕ್ಕೂ ಅಜಗಜಾಂತರ. ಕಡಿಯುವಾಗ ಕೊಡಲಿಯ ಬಾಯಿ ಮರದ ಎಳೆಗಳನ್ನು ಅಡ್ಡಲಾಗಿ ತುಂಡರಿಸಬೇಕು. ಅದಕ್ಕೆ ತೆಳುವಾದ, ಹರಿತವಾದ ಬಾಯಿ ಬೇಕು. ಸೀಳುವಾಗ ಎಳೆಗಳನ್ನು ಕತ್ತರಿಸುವ ಪ್ರಶ್ನೆಯೇ ಇಲ್ಲ, ಒಂದರಿಂದ ಒಂದನ್ನು ಬಿಡಿಸಿದರೆ ಸಾಕು. ಎಳೆಯ ಉದ್ದಕ್ಕೆ ಜಗ್ಗಿದರೆ ಮರ ತೋರಿಸುವ ಬಲದಲ್ಲಿ ಹತ್ತರಲ್ಲೊಂದು ಪಾಲೂ ಎಳೆಗಳ ನಡುವಿನ ಬೆಸುಗೆಗೆ ಇರುವುದಿಲ್ಲ. ಹಾಗಾಗಿ ಬಾಯಿ ಒಂದಿಷ್ಟು ಒಳಹೊಕ್ಕು ಬಿರುಕು ಹುಟ್ಟಿತೆಂದರೆ ಮುಂದಿನ ಕೆಲಸ ಕೊಡಲಿಯ ಕೆನ್ನೆಗಳದ್ದು. ಅವು ಎರಡೂ ಬದಿಗೆ ತಳ್ಳುತ್ತವೆ, ಬಿರುಕು ಬಾಯಿಗಿಂತ ಮುಂದೆ ಓಡುತ್ತದೆ. ಆ ಹೊತ್ತಿನಲ್ಲಿ ಹರಿತವಾದ ಅಂಚು ಯಾವುದಕ್ಕೂ ತಾಗಿರುವುದೇ ಇಲ್ಲ.

ಮರ ಕಡಿಯುವ ತೆಳು ಕೊಡಲಿಯಲ್ಲಿ ಕಟ್ಟಿಗೆ ಸೀಳಹೊರಟರೆ ಅದು ಕುಂಟೆಯೊಳಗೆ ಹೂತು ಕೂರುವುದು ಇದೇ ಕಾರಣಕ್ಕೆ. ಒಳಹೋಗುವ ಗುಣ ಉಂಟು, ಅಗಲಿಸುವ ಗುಣ ಇಲ್ಲ. ಕುಂಟೆಯ ಸಮೇತ ಎತ್ತಿ ಬಡಿದು, ಅಲುಗಾಡಿಸಿ, ಕಾಲಲ್ಲಿ ಮೆಟ್ಟಿ ಎಳೆದು ತೆಗೆಯುವುದರಲ್ಲೇ ಅರ್ಧ ಶಕ್ತಿ ಹೋಗುತ್ತದೆ, ಸೊಂಟ ಹಿಡಿಯುತ್ತದೆ. ಸೀಳುವ ಕೊಡಲಿಗೆ ಬಾಯಿ ಕಿರಿದಾಗಿರಬೇಕು, ಅಲ್ಲಿಂದ ಹಿಂದಕ್ಕೆ ಬೆಣೆಯಂತೆ ಬೇಗ ದಪ್ಪವಾಗಬೇಕು. ನಮ್ಮ ಹೆಚ್ಚಿನ ಮನೆಗಳಲ್ಲಿ ಒಂದೇ ಕೊಡಲಿ ಕೊಂಬೆ ಕಡಿಯಲೂ, ಕುಂಟೆ ಸೀಳಲೂ, ಗೂಟ ಚೂಪು ಮಾಡಲೂ ಬಳಕೆಯಾಗುತ್ತದೆ. ಇದು ಉಳಿತಾಯವಲ್ಲ. ಎರಡು ಕೊಡಲಿ ಇಟ್ಟುಕೊಳ್ಳುವುದು ಮನೆಯವರ ತೋಳು, ಬೆನ್ನುಗಳಿಗೆ ನಾವು ಮಾಡಬಹುದಾದ ಉಪಕಾರ.

ತೂಕದ ವಿಚಾರದಲ್ಲಿ ಇನ್ನೊಂದು ತಪ್ಪು ನಂಬಿಕೆ ಇದೆ, ಭಾರವಿದ್ದಷ್ಟೂ ಒಳ್ಳೆಯದು ಎಂದು. ಪೆಟ್ಟಿನ ಶಕ್ತಿ ತೂಕಕ್ಕೆ ತಕ್ಕಂತೆ ಏರುತ್ತದೆ, ನಿಜ. ಆದರೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿ ಮರೆತಿರುತ್ತೇವೆ. ತೂಕ ಎರಡು ಪಟ್ಟಾದರೆ ಶಕ್ತಿ ಎರಡು ಪಟ್ಟು, ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. 2 ಕಿಲೋ ತಲೆಯ ಕೊಡಲಿ ಬಿಟ್ಟು 3 ಕಿಲೋದ್ದು ಹಿಡಿದಿರಿ ಎನ್ನೋಣ. ಭಾರಕ್ಕೆ ತೋಳು ಸೋತು ಬೀಸಿನ ವೇಗ ಐದನೇ ಒಂದು ಭಾಗ ಕುಗ್ಗಿದರೂ ಸಾಕು, ಹೆಚ್ಚಿನ ತೂಕದಿಂದ ಬಂದ ಲಾಭವೆಲ್ಲ ಕರಗಿ, ಪೆಟ್ಟು ಮೊದಲಿಗಿಂತ ಕೂದಲೆಳೆಯಷ್ಟು ಕಡಿಮೆಯೇ ಆಗಿರುತ್ತದೆ. ಮೇಲಿಂದ ದಣಿವು ಬೇರೆ. ದಣಿದ ಕೈಯ ಪೆಟ್ಟು ಗುರಿ ತಪ್ಪುತ್ತದೆ. ದಿನವೂ ದೈಹಿಕ ಕೆಲಸ ಮಾಡದವರಿಗೆ, ಚಿಕ್ಕ ಮೈಕಟ್ಟಿನವರಿಗೆ ಒಂದೂವರೆ ಕಿಲೋದಿಂದ ಎರಡು ಕಿಲೋವರೆಗಿನ ತಲೆ ಸಾಕು. ಆ ತೂಕಕ್ಕೆ ಮಣಿಯದಷ್ಟು ದಪ್ಪ ಕುಂಟೆ ಇದ್ದರೆ ಕೊಡಲಿ ಬದಲಿಸಬೇಡಿ, ಬೆಣೆಗೆ ಹೋಗಿ. ಆ ಮಾತು ಮುಂದೆ ಬರುತ್ತದೆ.

ಹಾಗೆ ನೋಡಿದರೆ ಸೀಳುವ ಹತ್ಯಾರುಗಳಲ್ಲಿ ಮೊದಲನೆಯದು ಗರಗಸ. ಎರಡು ಅಡಿಯ ಕುಂಟೆಯನ್ನು ಸೀಳಲು ಪಡುವ ಕಷ್ಟ ಒಂದು ಅಡಿಯದ್ದಕ್ಕೆ ಇಲ್ಲ. ಬಿರುಕು ಓಡಬೇಕಾದ ದೂರವೇ ಅರ್ಧ, ನಡುವೆ ಗಂಟು ಸಿಗುವ ಸಂಭವವೂ ಕಡಿಮೆ. ಮರ ತುಂಡು ಮಾಡಲು ಯಂತ್ರದ ಗರಗಸದವರು ಬಂದಾಗ ಅವರಿಗೆ ಬೇಗ ಮುಗಿಸುವ ಆತುರ, ಉದ್ದುದ್ದ ತುಂಡು ಹಾಕಿ ಹೋಗುತ್ತಾರೆ. ಆಗಲೇ ನಿಂತು, ಒಲೆಯ ಬಾಯಿಯನ್ನು ಅಳೆದು ತಂದ ಕೋಲು ಕೊಟ್ಟು, ಇಷ್ಟೇ ಉದ್ದ ಇರಲಿ ಎಂದು ಹೇಳಿ ಕೊಯ್ಯಿಸಿಕೊಳ್ಳಬೇಕು. ನಾಲ್ಕು ಕಾಸು ಹೆಚ್ಚು ಕೇಳಿದರೆ ಕೊಟ್ಟುಬಿಡಿ. ಕವಲು ಇರುವ ಕಡೆ, ಗಂಟಿನ ಕಡೆ ತುಂಡನ್ನು ಇನ್ನೂ ಗಿಡ್ಡ ಮಾಡಿಸಿ. ಕವಲಿನ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅದನ್ನು ಕೊಡಲಿಯಲ್ಲಿ ಗೆಲ್ಲುವ ಹಟ ಬೇಡ. ಹಾಗೇ ಒಲೆಯ ಹಿಂಬದಿಗೆ ಹಾಕಿದರೆ ರಾತ್ರಿಯಿಡೀ ಕೆಂಡ ಕಾಯುತ್ತದೆ.

ಮರದ ಜಾತಿಯೂ ಹತ್ಯಾರನ್ನು ನಿರ್ಧರಿಸುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ನೆಟ್ಟಗೆ ಬೆಳೆಯುವ ಮರ, ಗಂಟಿಲ್ಲದ ಭಾಗಕ್ಕೆ ಹಗುರ ಕೊಡಲಿಯೇ ಸಾಕು. ಅಡಿಕೆ ಮರದ ಕಾಂಡವಂತೂ ಉದ್ದಕ್ಕೆ ಸೀಳಿಕೊಳ್ಳುವುದರಲ್ಲಿ ಎತ್ತಿದ ಕೈ. ಅದಕ್ಕೇ ಅದರಿಂದ ದಬ್ಬೆ ಮಾಡಿ ಚಪ್ಪರಕ್ಕೆ, ಅಂಕಣಕ್ಕೆ ಬಳಸಿದ್ದು. ನೀಲಗಿರಿಯನ್ನು ಹಸಿಯಿದ್ದಾಗಲೇ ಸೀಳಬೇಕು. ಒಣಗಿದ ಮೇಲೆ ಅದರ ತಿರುಚಿದ ಎಳೆಗಳು ಬಿಗಿದುಕೊಂಡು ಕೊಡಲಿಯನ್ನೇ ಹಿಂದಕ್ಕೆ ಚಿಮ್ಮಿಸುತ್ತವೆ. 19ನೇ ಶತಮಾನದಲ್ಲಿ ಕಾರವಾರದ ಕಡಲತಡಿಗೆ ಸೌದೆಗಾಗಿ ಬಂದ ಗಾಳಿಮರ ಹಸಿಯಿದ್ದರೂ ಉರಿಯುತ್ತದೆ ಎಂದು ಹೆಸರುವಾಸಿ, ಆದರೆ ಭಾರದ ಗಟ್ಟಿ ಮರ. ದಪ್ಪ ಕಾಂಡ ಬೆಣೆ ಕೇಳುತ್ತದೆ. ಬಯಲುಸೀಮೆಯ ಬಳ್ಳಾರಿ ಜಾಲಿಯಲ್ಲಿ ಡೊಂಕು ಹೆಚ್ಚು, ನೇರ ತುಂಡು ಸಿಗುವುದೇ ಅಪರೂಪ. ಅಲ್ಲಿ ಕೊಡಲಿಗಿಂತ ಗರಗಸ ಮೇಲು, ಮುಳ್ಳಿಗೆ ದಪ್ಪ ಕೈಗವಸು ಬೇಕೇ ಬೇಕು. ಹುಣಸೆಯನ್ನು ಸೀಳುವ ಆಸೆಯನ್ನೇ ಬಿಡುವುದು ಒಳ್ಳೆಯದು. ಅದರ ಎಳೆಗಳು ಎಷ್ಟು ಹೆಣೆದುಕೊಂಡಿವೆ ಎಂದರೆ ಮಾಂಸದಂಗಡಿಯವರು ಕೊಚ್ಚುವ ಕೊರಡಿಗೆ ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಹುಣಸೆಯ ಒಂದು ಬುಡ ಸಿಕ್ಕಿದರೆ ಒಲೆಗೆ ಹಾಕದೆ ಕಟ್ಟಿಗೆ ಸೀಳುವ ಅಡಿಗಟ್ಟಿಯಾಗಿ ಇಟ್ಟುಕೊಳ್ಳಿ, ವರ್ಷಗಟ್ಟಲೆ ಬಾಳುತ್ತದೆ.

ಸೀಳುವ ಕಾಲ ಯಾವುದು ಎಂಬುದೂ ಹತ್ಯಾರಿನಷ್ಟೇ ಮುಖ್ಯ. ಹಸಿ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ತೊಗಟೆ ಆ ನೀರನ್ನು ಹೊರಬಿಡುವುದಿಲ್ಲ. ಅದು ಆರುವುದು ಕೊಯ್ದ ತುದಿಗಳಿಂದ ಮತ್ತು ಸೀಳಿದ ಮೈಯಿಂದ. ಹಾಗಾಗಿ ಕುಂಟೆಯನ್ನು ಹಾಗೇ ಒಣಹಾಕಿ ಆಮೇಲೆ ಸೀಳೋಣ ಎನ್ನುವುದು ತಿರುಗುಮುರುಗು. ಡಿಸೆಂಬರ್, ಜನವರಿಯಲ್ಲಿ ಸೀಳಿ, ಬೇಸಗೆಯ ಬಿಸಿಲಿಗೆ ಬಿಟ್ಟು, ಮೇ ಮಧ್ಯದೊಳಗೆ ಮಾಡಿನ ಕೆಳಗೆ ಸೇರಿಸಿಬಿಡಬೇಕು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂಥ ಊರಲ್ಲಿ ಜೂನ್ ಆದ ಮೇಲೆ ಹೊರಗಿದ್ದ ಕಟ್ಟಿಗೆ ಒಣಗುವ ಮಾತೇ ಇಲ್ಲ.

ಒದ್ದೆ ಕಟ್ಟಿಗೆ ಎಷ್ಟು ತಿನ್ನುತ್ತದೆ ಎಂಬುದಕ್ಕೆ ಹಂಡೆಯ ಲೆಕ್ಕವನ್ನೇ ಹಾಕಬಹುದು. 25 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಸಿ ಪೂರ್ತಿ ಆವಿ ಮಾಡಲು ಸುಮಾರು 615 ಕಿಲೋಕ್ಯಾಲರಿ ಶಾಖ ಬೇಕು. ಅಷ್ಟೇ ಶಾಖದಲ್ಲಿ 30 ಲೀಟರ್ ಸ್ನಾನದ ನೀರು 20 ಡಿಗ್ರಿ ಬಿಸಿಯಾಗುತ್ತದೆ. ಅಂದರೆ ಎರಡು ಕಿಲೋ ಹಸಿ ಸೌದೆ ಒಲೆಗಿಟ್ಟಾಗಲೆಲ್ಲ, ಅದರೊಳಗಿನ ನೀರನ್ನು ಓಡಿಸುವುದರಲ್ಲೇ ಒಬ್ಬರ ಸ್ನಾನದ ನೀರಿನ ಬಿಸಿ ಹೊಗೆಯ ಜೊತೆ ಹೋಯಿತು. ಹೊಗೆ ಎಂದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಒಲೆ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು 32 ಲಕ್ಷ. ಒಣಗಿದ, ಸಪೂರವಾಗಿ ಸೀಳಿದ ಕಟ್ಟಿಗೆ ಹೊಗೆಯನ್ನು ಇಲ್ಲವಾಗಿಸುವುದಿಲ್ಲ, ಕಡಿಮೆಯಂತೂ ಮಾಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಹಳ್ಳಿಗೆ ಹೋದ ಒಲೆ. ಅಂಥ ಮುಚ್ಚಿದ ಒಲೆಗಳ ಬಾಯಿ ಚಿಕ್ಕದು, ಅದಕ್ಕೆ ಸಣ್ಣ ಸೀಳೇ ಬೇಕು. ಒಲೆ ಕೊಟ್ಟವರು ಯಾರೂ ಆ ಸಣ್ಣ ಸೀಳು ಮಾಡುವ ಹತ್ಯಾರನ್ನು ಜೊತೆಗೆ ಕೊಡಲಿಲ್ಲ. ಸುಧಾರಿತ ಒಲೆಗಳ ಬಗ್ಗೆ ಇಷ್ಟು ಕಾಲದಿಂದ ನಡೆದ ಚರ್ಚೆಯಲ್ಲಿ ಸೌದೆಯನ್ನು ಆ ಅಳತೆಗೆ ತರುವ ದುಡಿಮೆ ಯಾರ ಪಾಲಿಗೆ ಬೀಳುತ್ತದೆ ಎಂಬುದು ಇನ್ನೂ ಹೆಚ್ಚು ಕೇಳಿಬರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ದೊಡ್ಡ ಕೆಲಸಕ್ಕೆ ಊರ ಕಮ್ಮಾರರು ಮಾಡಿದ ಕೊಡಲಿ ಇಂದಿಗೂ ಒಳ್ಳೆಯ ಆಯ್ಕೆ. ಲಾರಿಯ ಹಳೆಯ ಪ್ಲೇಟು ಕುಲುಮೆಯಲ್ಲಿ ಕತ್ತಿಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಅದು ಸ್ಪ್ರಿಂಗ್ ಉಕ್ಕು, ಹದ ಹಿಡಿಯುವ ಲೋಹ. ಕೊಡಲಿಗೆ ಅಂಥದ್ದನ್ನೇ ಕೇಳಿ. ಹದವನ್ನು ಬಾಯಿಯ ಕಡೆ ಒಂದೂವರೆ ಅಂಗುಲ ಮಾತ್ರ ಕೊಡಲಿ, ತಲೆಯ ಕಡೆ ಮೆತ್ತಗೇ ಇರಲಿ ಎಂದು ಹೇಳಿ. ಅಂಚನ್ನು ಕ್ಷೌರದ ಕತ್ತಿಯಷ್ಟು ತೆಳುಮಾಡಿಸಬೇಡಿ. ಗಂಟು ಸಿಕ್ಕಿದಾಗ ಚಕ್ಕೆ ಹಾರುತ್ತದೆ. ಹಾಗೆಂದು ಮೊಂಡಾಗಿಯೂ ಬಿಡಬಾರದು. ಮೊಂಡು ಕೊಡಲಿ ಗಟ್ಟಿ ಮರದ ಮೇಲೆ ಬಿದ್ದು ಪುಟಿಯುತ್ತದೆ, ಪುಟಿದದ್ದು ಎತ್ತ ಹೋಗುತ್ತದೋ ಹೇಳಲಾಗದು. ಅರದಿಂದ ನಾಲ್ಕು ಸಲ ಉಜ್ಜಿ ಅಂಚು ಎದ್ದುಕಾಣುವಂತಿದ್ದರೆ ಸೀಳುವ ಕೊಡಲಿಗೆ ಅಷ್ಟು ಹರಿತ ಸಾಕು.

ಪೇಟೆಯಲ್ಲಿ, ಆನ್‌ಲೈನಿನಲ್ಲಿ ಈಗ ಹೊರದೇಶದ ಕೊಡಲಿಗಳೂ ಸಿಗುತ್ತವೆ. ಫಿನ್‌ಲೆಂಡಿನಲ್ಲಿ 1649ರಲ್ಲಿ ಹುಟ್ಟಿದ ಫಿಸ್ಕಾರ್ಸ್ ಕಂಪನಿಯ ಸೀಳುಕೊಡಲಿಗಳ ಹಿಡಿ ಗಾಜಿನ ನಾರು ಬೆರೆತ ಪ್ಲಾಸ್ಟಿಕ್. ತೂಕವೆಲ್ಲ ತಲೆಯಲ್ಲೇ ಇರುವುದರಿಂದ ಬೀಸು ಚುರುಕು, ತಲೆ ಕಳಚಿ ಹಾರುವ ಭಯವೂ ಇಲ್ಲ. ನಿಜಕ್ಕೂ ಒಳ್ಳೆಯ ವಸ್ತು. ಆದರೆ ಹಿಡಿಯನ್ನು ತಲೆಯ ಸುತ್ತ ಅಚ್ಚು ಹಾಕಿರುವುದರಿಂದ, ಅದು ಮುರಿದರೆ ನಮ್ಮೂರಿನ ಯಾವ ಬಡಗಿಯೂ ಹೊಸದನ್ನು ಹಾಕಿಕೊಡಲಾರ. ಅದೇ ದೇಶದ ಹೈಕ್ಕಿ ಕಾರ್ನಾ ಎಂಬವರು ಕಂಡುಹಿಡಿದ ವಿಪುಕಿರ್ವೆಸ್ ಎಂಬ ಸನ್ನೆಕೊಡಲಿ ಇನ್ನೂ ವಿಚಿತ್ರದ್ದು. ಅದರ ತಲೆಯ ತೂಕ ಒಂದು ಬದಿಗೆ ವಾಲಿದೆ. ಮರಕ್ಕೆ ತಾಗಿದ ಕೂಡಲೇ ತಾನೇ ತಿರುಚಿಕೊಂಡು ಚಕ್ಕೆಯನ್ನು ಪಕ್ಕಕ್ಕೆ ಎಬ್ಬಿಸುತ್ತದೆ. ಉತ್ತರದ ನೇರ ಎಳೆಯ ಬರ್ಚ್, ಪೈನ್ ಮರಗಳಿಗೆ ಹುಟ್ಟಿದ ಉಪಾಯ ಅದು. ನಮ್ಮ ಮತ್ತಿ, ಅಕೇಶಿಯಾಗಳ ಗಂಟುಗಳ ಮುಂದೆ ಅದಕ್ಕೆ ಅಷ್ಟೊಂದು ದುಡ್ಡು ಸುರಿಯಲು ನಾನು ಯಾರಿಗೂ ಹೇಳಲಾರೆ.

ಅದೇ ದುಡ್ಡಿನಲ್ಲಿ ಎರಡು ಕಬ್ಬಿಣದ ಬೆಣೆ ಮತ್ತು ಮೂರು ಕಿಲೋದ ಒಂದು ಸಮ್ಮಟಿಗೆ ಬರುತ್ತದೆ. ದಪ್ಪ ಕುಂಟೆಗೆ ಇದಕ್ಕಿಂತ ನಂಬಿಗಸ್ತ ಹತ್ಯಾರಿಲ್ಲ. ಕುಂಟೆಯ ತುದಿಯಲ್ಲಿ ಒಣಗಿದಾಗ ಮೂಡಿದ ಬಿರುಕನ್ನು ಹುಡುಕಿ, ಅಲ್ಲಿ ಬೆಣೆಯನ್ನು ಮೆಲ್ಲಗೆ ಕೂರಿಸಿ, ಅದು ಹಿಡಿದುಕೊಂಡ ಮೇಲೆ ಹೊಡೆಯಬೇಕು. ಒಂದು ಸಿಕ್ಕಿಕೊಂಡರೆ ಬಿರುಕಿನ ಮುಂದಿನ ತುದಿಗೆ ಇನ್ನೊಂದನ್ನು ಹೊಡೆದರೆ ಮೊದಲನೆಯದು ತಾನಾಗಿ ಬಿಟ್ಟುಕೊಳ್ಳುತ್ತದೆ. ಇಲ್ಲಿ ಎತ್ತರಕ್ಕೆ ಬೀಸುವ ಅಗತ್ಯವಿಲ್ಲ. ನಿಧಾನವಾಗಿ, ತೂಕವನ್ನು ಬೀಳಬಿಟ್ಟು ಕೆಲಸ ಮಾಡಬಹುದು. ವಯಸ್ಸಾದವರಿಗೆ ಇದೇ ಸರಿ. ಎಚ್ಚರ ಒಂದೇ: ಹೊಡೆದು ಹೊಡೆದು ಬೆಣೆಯ ನೆತ್ತಿ ಅಣಬೆಯಂತೆ ಅರಳುತ್ತದೆ. ಆ ಅರಳಿದ ಅಂಚಿನಿಂದ ಸಿಡಿಯುವ ಲೋಹದ ಚೂರು ಕಣ್ಣು ತೆಗೆಯಬಲ್ಲದು. ಅದನ್ನು ಆಗಾಗ ಗ್ರೈಂಡರಿನಲ್ಲಿ ಸವರಿಸಬೇಕು, ಹೊಡೆಯುವಾಗ ಕಣ್ಣಿಗೆ ಕನ್ನಡಕ ಹಾಕಬೇಕು. ಸಿಕ್ಕಿಕೊಂಡ ಕೊಡಲಿಯ ತಲೆಗೆ ಇನ್ನೊಂದು ಕೊಡಲಿಯಿಂದ ಬಡಿಯುವ ಅಭ್ಯಾಸ ಎಲ್ಲೆಡೆ ಇದೆ. ಅದನ್ನು ಇವತ್ತೇ ಬಿಡಬೇಕು. ಸಿಡಿಯುವ ಚೂರು ಅಲ್ಲಿಂದಲೂ ಬರುತ್ತದೆ, ಮೇಲಾಗಿ ಕಾವು ಕೂರುವ ಕಣ್ಣು ಬಿರಿಯುತ್ತದೆ.

ಇನ್ನು ದಿನನಿತ್ಯದ ಸಣ್ಣ ಸೀಳು. 2010ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ತಾರಾನಾಕಿ ಪ್ರಾಂತ್ಯದ ಐಲಾ ಹಚಿನ್ಸನ್ ಎಂಬ ಶಾಲಾ ಬಾಲಕಿ, ಒಲೆಗೆ ಚಕ್ಕೆ ಮಾಡುತ್ತಿದ್ದ ತಾಯಿ ಬೆರಳು ಕೊಯ್ದುಕೊಂಡದ್ದನ್ನು ನೋಡಿ, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂದು ಸಾಧನ ಮಾಡಿದಳು. ಎರಕದ ಕಬ್ಬಿಣದ ಅಡಿಯ ಮೇಲೆ ಬಾಯಿ ಮೇಲ್ಮಾಡಿ ನಿಂತ ಒಂದು ಬೆಣೆ, ಅದರ ಸುತ್ತ ಚಕ್ಕೆ ಆಚೀಚೆ ಬೀಳದಂತೆ ಒಂದು ಬಳೆ. ಸೀಳಬೇಕಾದ ತುಂಡನ್ನು ಬೆಣೆಯ ಮೇಲೆ ನಿಲ್ಲಿಸಿ ಮೇಲಿನಿಂದ ಸುತ್ತಿಗೆಯಲ್ಲಿ ಹೊಡೆದರೆ ಮುಗಿಯಿತು. ಹರಿತದ ಅಂಚು ಅಲುಗಾಡುವುದೇ ಇಲ್ಲ. ಕಿಂಡ್ಲಿಂಗ್ ಕ್ರ್ಯಾಕರ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೂ ಬಂತು.

ಅದನ್ನು ನೋಡಿದ ನಮ್ಮ ಹೆಂಗಸರಿಗೆ ವಿವರಿಸುವ ಅಗತ್ಯವೇ ಬೀಳದು. ನಮ್ಮ ಈಳಿಗೆಮಣೆಯ ತತ್ವವೂ ಇದೇ: ಅಲಗು ಕಾಲಿನ ಕೆಳಗೆ ಸ್ಥಿರ, ಹೆಚ್ಚಬೇಕಾದ್ದು ಅದರ ಬಳಿಗೆ ಬರುತ್ತದೆ. ಸೌತೆಕಾಯಿಗೆ, ಹಲಸಿನಕಾಯಿಗೆ ಶತಮಾನಗಳಿಂದ ಹೀಗೆ ಮಾಡಿದ ನಾವು ಕಟ್ಟಿಗೆಯ ವಿಷಯಕ್ಕೆ ಬಂದಾಗ ಮಾತ್ರ ಕತ್ತಿಯನ್ನು ಗಾಳಿಯಲ್ಲಿ ಬೀಸುತ್ತೇವೆ. ನಾನು ಬರೆಯುತ್ತಿರುವ ಇಷ್ಟರಲ್ಲಿ ಒಂದೇ ಒಂದು ಮಾತು ಓದುಗರ ಮನೆಯವರೆಗೆ ಹೋಗಬೇಕು ಎಂದಾದರೆ ಇದು ಹೋಗಲಿ. ಹೊರಗಿನಿಂದ ತರಿಸಬೇಕಾಗಿಯೂ ಇಲ್ಲ. ವೆಲ್ಡಿಂಗ್ ಶೆಡ್ಡು ಇಲ್ಲದ ಹೋಬಳಿಯೇ ಈಗಿಲ್ಲ. ಒಂದು ಗೇಣು ಅಗಲದ ದಪ್ಪ ಕಬ್ಬಿಣದ ಹಲಗೆ. ಅದರ ನಡುವೆ ನಾಲ್ಕು ಬೆರಳು ಉದ್ದದ ಅಂಚಿರುವ, ಕೆಳಗೆ ಹೋಗುತ್ತಾ ದಪ್ಪವಾಗುವ ಬೆಣೆ. ಮೊಣಕೈ ಉದ್ದದ ನಾಲ್ಕು ಸರಳುಗಳ ಮೇಲೆ, ಪಾಯಸದ ಪಾತ್ರೆಯ ಬಾಯಿಯಷ್ಟು ಅಗಲದ ಒಂದು ಬಳೆ. ಹಲಗೆಯ ಮೂಲೆಗಳಲ್ಲಿ ನಾಲ್ಕು ತೂತು. ತೂತುಗಳ ಮೂಲಕ ದಪ್ಪ ಮೊಳೆ ಇಳಿಸಿ ಇಡೀ ಚೌಕಟ್ಟನ್ನು ಅಡಿಗಟ್ಟಿಗೆ ಬಿಗಿಯಬೇಕು. ಬೆಸುಗೆ ಬೆಣೆಯ ಎರಡೂ ಬದಿ ಪೂರ್ತಿ ಓಡಿರಬೇಕು, ಅಲ್ಲಲ್ಲಿ ಚುಕ್ಕೆ ಇಟ್ಟರೆ ನಾಲ್ಕು ದಿನಕ್ಕೆ ಕಳಚುತ್ತದೆ. ಹೊಡೆಯಲು ಒಂದೂವರೆ ಕಿಲೋದ ಸುತ್ತಿಗೆ, ಇಲ್ಲವೇ ಗಟ್ಟಿ ಮರದ ಕೊಡತಿ. ಕೊಡತಿಯಾದರೆ ಸಿಡಿಯುವ ಭಯವೂ ಇಲ್ಲ, ಸದ್ದೂ ಕಡಿಮೆ. ಅಡಿಗಟ್ಟಿ ಸ್ವಲ್ಪ ಎತ್ತರವಿದ್ದರೆ ಬಗ್ಗುವುದೂ ತಪ್ಪುತ್ತದೆ; ಬಳೆಯ ಮೇಲ್ಭಾಗ ಸೊಂಟಕ್ಕಿಂತ ಒಂದು ಗೇಣು ಕೆಳಗೆ ಬಂದರೆ ಚೆನ್ನ.

ಇದು ಮಾಡಿಸುವವರೆಗೆ ಕತ್ತಿಯಲ್ಲೇ ಮಾಡಬೇಕಾದರೆ ಒಂದು ಕ್ರಮ ಇದೆ. ತುಂಡನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬೀಸುವುದು ಬೇಡ. ಕತ್ತಿಯ ಬಾಯನ್ನು ತುಂಡಿನ ನೆತ್ತಿಯ ಮೇಲೆ ಮೊದಲೇ ಇಟ್ಟು, ಕತ್ತಿಯ ಬೆನ್ನಿನ ಮೇಲೆ ಮರದ ಕೊಡತಿಯಿಂದ ತಟ್ಟುವುದು. ಆಗ ಬೆರಳು ಮತ್ತು ಬೀಸು ಎಂದೂ ಒಂದೇ ದಾರಿಯಲ್ಲಿ ಬರುವುದಿಲ್ಲ. ಮಕ್ಕಳಿಗೆ ಕಲಿಸುವುದಾದರೂ ಹೀಗೆಯೇ ಕಲಿಸಬೇಕು.

ಯಂತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೈಡ್ರಾಲಿಕ್ ಸೀಳುಯಂತ್ರ, ವಿದ್ಯುತ್ತಿನದ್ದಾಗಲಿ ಟ್ರ್ಯಾಕ್ಟರಿಗೆ ಜೋಡಿಸುವಂಥದ್ದಾಗಲಿ, ನಿಧಾನವಾಗಿ ತಳ್ಳುತ್ತದೆ, ಎರಡೂ ಕೈಯಿಂದ ಒತ್ತಿ ಹಿಡಿದರೆ ಮಾತ್ರ ಓಡುವಂತೆ ಮಾಡಿದ್ದಾದರೆ ಸಾಕಷ್ಟು ಸುರಕ್ಷಿತ. ಅಡಿಕೆ ಬೇಯಿಸಲು ಲೋಡುಗಟ್ಟಲೆ ಕಟ್ಟಿಗೆ ಬೇಕಾದ ನಾಲ್ಕೈದು ಮನೆಯವರು ಸೇರಿ ಒಂದನ್ನು ಕೊಂಡರೆ ಅರ್ಥವಿದೆ. ಆದರೆ ಮೋಟರಿಗೆ ಸಿಕ್ಕಿಸುವ ತಿರುಗುವ ಸ್ಕ್ರೂ ಕೋನ್ ಒಂದು ಅಗ್ಗದಲ್ಲಿ ಸಿಗುತ್ತದೆ. ವಿಡಿಯೊದಲ್ಲಿ ನೋಡಲು ಬೆಣ್ಣೆ ಕೊಯ್ದಷ್ಟು ಸಲೀಸು. ಅದನ್ನು ಮನೆಗೆ ತರಬೇಡಿ. ಕುಂಟೆ ಸಿಕ್ಕಿಕೊಂಡು ಗಿರ್ರನೆ ತಿರುಗಿದರೆ ಕೈ ಮುರಿಯುತ್ತದೆ. ಸೀರೆಯ ಸೆರಗೋ, ಪಂಚೆಯ ತುದಿಯೋ, ಕೈಗವಸೋ ಸುತ್ತಿಕೊಂಡರೆ ಸ್ವಿಚ್ಚಿಗೆ ಕೈ ಹೋಗುವಷ್ಟೂ ಸಮಯ ಇರುವುದಿಲ್ಲ.

ಕೊಡಲಿಯ ಅಡಿಗಟ್ಟಿ ಮೊಣಕಾಲಿಗಿಂತ ಕೆಳಗಿರಬೇಕು, ಒಂದರಿಂದ ಒಂದೂಕಾಲು ಅಡಿ. ಬರೀ ನೆಲದ ಮೇಲೆ ಸೀಳಿದರೆ ಪ್ರತಿ ತಪ್ಪಿದ ಪೆಟ್ಟೂ ಕಲ್ಲಿಗೆ ಬೀಳುತ್ತದೆ, ಬಾಯಿ ಹಾಳು. ತುಂಡನ್ನು ಅಡಿಗಟ್ಟಿಯ ಆಚೆ ಅಂಚಿನ ಕಡೆ ನಿಲ್ಲಿಸಿ. ಪೆಟ್ಟು ಗಿಡ್ಡವಾಗಿ ಬಿದ್ದರೂ ಮರಕ್ಕೇ ಬೀಳುತ್ತದೆ, ಕಾಲಿಗಲ್ಲ. ಸವೆದ ಬೈಕಿನ ಅಥವಾ ಕಾರಿನ ಟಯರೊಂದನ್ನು ಅಡಿಗಟ್ಟಿಯ ಮೇಲೆ ಬಿಗಿದು, ಕುಂಟೆಗಳನ್ನು ಅದರೊಳಗೆ ನಿಲ್ಲಿಸಿದರೆ ಸೀಳಿದ ಹೋಳು ಎಲ್ಲೂ ಹಾರುವುದಿಲ್ಲ, ಬಗ್ಗಿ ಬಗ್ಗಿ ಹೆಕ್ಕುವ ಕೆಲಸ ತಪ್ಪುತ್ತದೆ. ಖರ್ಚಿಲ್ಲದ ಈ ಒಂದು ಉಪಾಯ ಎಷ್ಟೋ ದುಬಾರಿ ಕೊಡಲಿಗಿಂತ ಹೆಚ್ಚು ಶ್ರಮ ಉಳಿಸುತ್ತದೆ. ಹವಾಯಿ ಚಪ್ಪಲಿಯಲ್ಲಿ ಕಟ್ಟಿಗೆ ಸೀಳುವುದು ನಮ್ಮ ರೂಢಿ. ಗಟ್ಟಿ ಬೂಟು ಇಲ್ಲದಿದ್ದರೆ ಮಳೆಗಾಲದ ಗಂಬೂಟಾದರೂ ಇರಲಿ.

ಕಾವಿನ ಉದ್ದದ ಬಗ್ಗೆ ಜನ ಉಲ್ಟಾ ಯೋಚಿಸುತ್ತಾರೆ. ಗಿಡ್ಡ ಕಾವು ಸುರಕ್ಷಿತ, ಹೆಂಗಸರಿಗೆ ಅದೇ ಸರಿ ಎಂಬ ಭಾವನೆ ಇದೆ. ನಿಂತು ಬೀಸುವ ಕೊಡಲಿಯಲ್ಲಿ ಗುರಿ ತಪ್ಪಿದಾಗ ಗಿಡ್ಡ ಕಾವಿನದ್ದು ತಿರುಗಿ ಮೊಣಕಾಲಿನ ಕೆಳಗೆ ಬಂದು ಬೀಳುತ್ತದೆ, ಉದ್ದ ಕಾವಿನದ್ದು ಮುಂದೆ ನೆಲಕ್ಕೆ ಬೀಳುತ್ತದೆ. ಹಾಗಾಗಿ ತಲೆ ಹಗುರವಿರಲಿ, ಕಾವು ಉದ್ದವಿರಲಿ. ಕುಳ್ಳಗಿನವರಿಗೂ ಎರಡೂಕಾಲು ಅಡಿಗಿಂತ ಕಡಿಮೆ ಬೇಡ. ದಪ್ಪ ಮಾತ್ರ ಕೈಗೆ ತಕ್ಕಂತಿರಬೇಕು. ಅಂಗಡಿಯ ಕಾವುಗಳು ಅಗಲ ಅಂಗೈಯವರಿಗೆ ಮಾಡಿದವು; ಚಿಕ್ಕ ಕೈಯವರು ಹಿಡಿದಾಗ ಬೆರಳು ಸುತ್ತಿ ಬರುವುದಿಲ್ಲ, ಬಿಗಿ ಹಿಡಿಯಲು ಹೋಗಿ ಮಣಿಕಟ್ಟು ನೋಯುತ್ತದೆ. ಗಾಜಿನ ಚೂರಿನಿಂದಲೋ ಉಜ್ಜುಗೊರಡಿನಿಂದಲೋ ಸವರಿ ಸಪೂರ ಮಾಡಿಸಿಕೊಳ್ಳಬೇಕು. ಅಂಗಡಿಯವರು ಬಳಿದ ವಾರ್ನಿಶ್ ಜಾರುತ್ತದೆ, ಬೊಕ್ಕೆ ಎಬ್ಬಿಸುತ್ತದೆ. ಅದನ್ನು ಕೆರೆದು ಅಗಸೆ ಎಣ್ಣೆ ಹಚ್ಚಿದರೆ ಕಾವು ಕೈಗೆ ಒಗ್ಗುತ್ತದೆ.

ಪಶ್ಚಿಮದ ದೇಶಗಳಲ್ಲಿ ಕಾವಿಗೆ ಹಿಕರಿ ಮರ ಹೆಸರುವಾಸಿಯಾದಂತೆ ನಮ್ಮ ಕಾಡುಗಳಲ್ಲಿ ತಡಸಲು. ಬಾಗುತ್ತದೆ, ಮುರಿಯುವುದಿಲ್ಲ, ಪೆಟ್ಟಿನ ನಡುಕವನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ. ಸಡಿಲವಾದ ಕೊಡಲಿಯನ್ನು ರಾತ್ರಿ ನೀರಲ್ಲಿ ಅದ್ದಿಡುವ ಚಿಕಿತ್ಸೆ ಎಲ್ಲರಿಗೂ ಗೊತ್ತು, ಅದು ಚಿಕಿತ್ಸೆಯಲ್ಲ. ನೆಂದ ಮರ ಕಬ್ಬಿಣದ ಕಣ್ಣಿನೊಳಗೆ ಉಬ್ಬಲು ಜಾಗವಿಲ್ಲದೆ ಜಜ್ಜಿಹೋಗುತ್ತದೆ, ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಹೊಸ ಬೆಣೆ ಹೊಡೆಸಬೇಕು, ಇಲ್ಲವೇ ಹೊಸ ಕಾವು. ಹಸಿ ಮರದ ಕಾವು ಹಾಕಿದರೂ ಕಥೆ ಅದೇ, ಕುಗ್ಗಿ ಕಳಚುತ್ತದೆ. ಈ ಸಲದ ಮರಗಸಿಯಲ್ಲಿ ತೋಳಿನ ದಪ್ಪದ, ಗಂಟಿಲ್ಲದ ಒಂದು ನೇರ ಕೊಂಬೆ ಸಿಕ್ಕರೆ ಗರಗಸದಲ್ಲಿ ಕೊಯ್ಯದೆ ಉದ್ದಕ್ಕೆ ಸೀಳಿ, ಎಳೆ ತುದಿಯಿಂದ ತುದಿಗೆ ಓಡಿದ ಹೋಳನ್ನು ಆರಿಸಿ, ತುದಿಗಳಿಗೆ ಮೇಣ ಬಳಿದು ಅಟ್ಟದ ಮೇಲಿಡಿ. ಮುಂದಿನ ಡಿಸೆಂಬರ್ ಹೊತ್ತಿಗೆ ಒಣಗಿರುತ್ತದೆ. ಕಮ್ಮಾರಸಾಲೆಗೆ ಹೋಗುವಾಗ ಮನೆಯಲ್ಲಿ ಒಲೆ ಹೊತ್ತಿಸುವವರನ್ನೂ ಕರೆದುಕೊಂಡು ಹೋಗಿ. ಕಾವಿನ ಉದ್ದವನ್ನು ಅವರನ್ನು ನಿಲ್ಲಿಸಿ ಅಳೆಯಿಸಿ, ದಪ್ಪವನ್ನು ಅವರ ಕೈಗೆ ಕೊಟ್ಟು ಹಿಡಿಸಿ ನೋಡಿ.